ಮುನ್ನೂರ ಎಂಬತ್ತನಾಲ್ಕು ಹೆಂಚು

ನಾನು ಚಿಕ್ಕವಳಿದ್ದಾಗ ನಮ್ಮ ಊರಿನ ಮನೆಗಳಿಗೆ ಎರಡು ಬಣ್ಣವಿತ್ತು. ಮೇಲಿನ ಬೀದಿಯ ಮನೆಗಳಿಗೆ ಕೆಂಪು ಹೆಂಚು, ಕೆಳಗಿನ ಬೀದಿಯ ಮನೆಗಳಿಗೆ ಬೂದು ಹುಲ್ಲು. ಊರು ಚಂದಕವಾಡಿಗೆ ಹತ್ತಿರ. ಶಾಲೆಯ ಹಿಂದಿನ ದಿಬ್ಬ ಹತ್ತಿ ನಿಂತರೆ ಎರಡೂ ಬೀದಿಗಳು ಒಟ್ಟಿಗೆ ಕಾಣುತ್ತಿದ್ದವು. ನಮ್ಮದು ಕೆಳಗಿನ ಬೀದಿ. ಕೆಳಗಿನ ಬೀದಿಯವರು ಹೆಂಚು ಹಾಕಬಾರದು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಯಾರೂ ಡಂಗುರ ಹೊಡೆದು ಸಾರಿರಲೂ ಇಲ್ಲ. ಆದರೂ ಅದು ಎಲ್ಲರಿಗೂ ಗೊತ್ತಿತ್ತು, ಬೆಂಕಿ ಸುಡುತ್ತದೆ ಎಂದು ಗೊತ್ತಿರುವ ಹಾಗೆ.

ಇದರಲ್ಲಿ ನನಗೆ ಅರ್ಥವಾಗದೇ ಇದ್ದ ಸಂಗತಿ ಒಂದಿತ್ತು. ಮೇಲಿನ ಬೀದಿಯ ಅಷ್ಟೂ ಮನೆಗಳಿಗೆ ಹೆಂಚು ಹೊದಿಸುತ್ತಿದ್ದವನು ನಮ್ಮ ಅಪ್ಪನೇ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಆ ಮನೆಗಳನ್ನು ಹತ್ತಿ, ಒಡೆದ ಹೆಂಚು ತೆಗೆದು, ಜರುಗಿದ್ದನ್ನು ಕೂಡಿಸಿ ಇಳಿಯುತ್ತಿದ್ದ. ಹೆಂಚಿನ ಮೇಲೆ ನಡೆದು ನಡೆದು ಅವನಿಗೆ ಬೆಕ್ಕಿನ ನಡಿಗೆ ಬಂದಿತ್ತು. ಸಂಜೆ ನಮ್ಮ ಹುಲ್ಲಿನ ಸೂರಿನಡಿ ಬಗ್ಗಿ ಒಳಗೆ ಬರುವಾಗ ಅವನ ತಲೆಗೂದಲಲ್ಲಿ ಕೆಂಪು ಧೂಳಿರುತ್ತಿತ್ತು. ಅವ್ವ ಬಿಸಿನೀರು ಕೊಡುತ್ತಿದ್ದಳು. ಆ ಧೂಳು ಬಚ್ಚಲಲ್ಲಿ ಹರಿದು ಹೋಗುತ್ತಿತ್ತು. ಹೆಂಚಿನ ಬಣ್ಣ ನಮ್ಮ ಮನೆಗೆ ಬರುತ್ತಿದ್ದುದು ಅಷ್ಟೇ.

ಬಂಡೀಪುರದ ದಾರಿಯಲ್ಲಿ ಈಗ ರೆಸಾರ್ಟುಗಳಿಗೆ ಹುಲ್ಲಿನ ಸೂರು ಹಾಕುತ್ತಾರೆ. ಮೊಮ್ಮಕ್ಕಳೇ, ನೀವೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೀರಿ. ನಮ್ಮ ಹುಲ್ಲು ಹಾಗಿರಲಿಲ್ಲ. ಅದರಿಂದ ಇಲಿ ಬೀಳುತ್ತಿತ್ತು, ಒಮ್ಮೊಮ್ಮೆ ಚೇಳೂ ಬೀಳುತ್ತಿತ್ತು. ಒಲೆಯ ಹೊಗೆ ಹಿಡಿದು ಕಪ್ಪನೆಯ ಇಲ್ಲಣ ಜಡೆಯ ಹಾಗೆ ಜೋತಾಡುತ್ತಿತ್ತು. ಮಳೆ ಬಂದರೆ ಸೋರಿದ ನೀರು ಚಹಾದ ಬಣ್ಣದಲ್ಲಿರುತ್ತಿತ್ತು. ನನ್ನ ಐದನೇ ಕ್ಲಾಸಿನ ಪುಸ್ತಕಗಳಿಗೆಲ್ಲ ಆ ಬಣ್ಣದ ಕಲೆಗಳಿದ್ದವು.

ಒಂದು ಮಧ್ಯಾಹ್ನ ಎದುರು ಮನೆಯ ಅಜ್ಜಿಯ ಸೂರಿಗೆ ಒಲೆಯ ಕಿಡಿ ತಾಗಿತು. ಮುದ್ದೆ ಬೇಯುವಷ್ಟು ಹೊತ್ತಿನಲ್ಲಿ ಮನೆ ಬೂದಿಯಾಯಿತು. ಅಜ್ಜಿ ಒಂದು ಮೇಕೆಮರಿಯನ್ನು ಎದೆಗವಚಿಕೊಂಡು ಬೀದಿಯಲ್ಲಿ ಕುಳಿತಿದ್ದಳು. ಬೀದಿಯವರೆಲ್ಲ ಸೇರಿ ಆಕೆಗೆ ಮತ್ತೆ ಗುಡಿಸಲು ಕಟ್ಟಿಕೊಟ್ಟರು. ಮತ್ತೆ ಹುಲ್ಲೇ ಹೊದಿಸಿದರು. ಅಪ್ಪ ಹುಲ್ಲಿನ ಕಂತೆಗಳನ್ನು ಮೇಲಕ್ಕೆ ಎಸೆಯುತ್ತಾ ಇದ್ದವನು ಒಂದು ಕಂತೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟ. ಆಮೇಲೆ ಅವ್ವನಿಗೆ ಹೇಳಿದ, "ನಮ್ಮನೇಗೆ ಇನ್ನ ಹುಲ್ಲು ಬ್ಯಾಡ ಕಣಮ್ಮಿ."

ಅವ್ವ ಅವನ ಮುಖ ನೋಡಿದಳು. "ಮ್ಯಾಲಿನ್ ಬೀದಿಯವ್ರು ಸುಮ್ಕಿರ್ತಾರಾ?" ಎಂದಳು. ಅಪ್ಪ ಕಂತೆಯನ್ನು ಮೇಲಕ್ಕೆ ಎಸೆದ.

ಆ ವರ್ಷ ಅಪ್ಪ ನಮ್ಮ ಸೂರು ಬಿಚ್ಚಿ, ಹೊಸ ಜಂತೆಗಳನ್ನು ಇಟ್ಟು, ಅವುಗಳ ಮೇಲೆ ಅಡ್ಡಡ್ಡಲಾಗಿ ರೀಪು ಹೊಡೆದ. ಹೆಂಚು ಕೂರುವುದು ಈ ಮರದ ಪಟ್ಟಿಗಳ ಮೇಲೆಯೇ. ಆದರೆ ಮೇಲೆ ಹಳೆಯ ಹುಲ್ಲನ್ನೇ ಹರಡಿದ. ಮರಕ್ಕೆ ಗೆದ್ದಲು ಹಿಡಿದಿರಬೇಕು, ಬದಲಾಯಿಸಿದ್ದಾನೆ ಎಂದು ಬೀದಿಯವರು ಅಂದುಕೊಂಡರು. ಹುಲ್ಲಿನ ಅಡಿಯಲ್ಲಿ ಹೆಂಚಿನ ಮನೆ ಆಗಲೇ ಸಿದ್ಧವಾಗಿ ಕಾಯುತ್ತಿದ್ದುದು ನಮ್ಮ ನಾಲ್ವರಿಗೆ ಮಾತ್ರ ಗೊತ್ತಿತ್ತು. ಅಪ್ಪ, ಅವ್ವ, ಅಕ್ಕ, ನಾನು.

ಮರುವರ್ಷದ ಬೇಸಿಗೆ ರಜೆಯಲ್ಲಿ ಒಂದು ದಿನ ಅಪ್ಪ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡ. ಆಗ ನನಗೆ ಹನ್ನೊಂದು ವರ್ಷ. ಅಕ್ಕ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು. ಮನೆಯಲ್ಲಿ ಗುಣಾಕಾರ ಬರುತ್ತಿದ್ದುದು ನನಗೊಬ್ಬಳಿಗೇ.

"ಎಂಚು ಕೂಡ್ಸಾದು ನಂಗೊತ್ತು. ಎಷ್ಟು ಬೇಕು ಅಂತ ಕೇಳಾದು ನಂಗೊತ್ತಿಲ್ಲ" ಎಂದ ಅಪ್ಪ. ಮೇಲಿನ ಬೀದಿಯವರು ಕಣ್ಣಂದಾಜಿಗೆ ಸಾವಿರ ತರಿಸುತ್ತಿದ್ದರು. ಸಾಲದಿದ್ದರೆ ಇನ್ನೊಂದು ಗಾಡಿ ಬರುತ್ತಿತ್ತು. ಉಳಿದರೆ ಹಿತ್ತಿಲಲ್ಲಿ ಪೇರಿಸಿಡುತ್ತಿದ್ದರು. ನಮಗೆ ಹಾಗಿರಲಿಲ್ಲ. ಊರಿನಲ್ಲಿ ಯಾರೂ ಗಾಡಿ ಕೊಡುವ ಹಾಗಿರಲಿಲ್ಲವಾದ್ದರಿಂದ ಹರವೆಯಿಂದ ನಮ್ಮ ಮಾವ, ಅಂದರೆ ಅವ್ವನ ತಮ್ಮ, ತನ್ನ ಎತ್ತಿನ ಗಾಡಿ ತರಲು ಒಪ್ಪಿದ್ದ. ಬಿತ್ತನೆ ಹತ್ತಿರ ಬಂದಿತ್ತು. ಒಂದೇ ದಿನ, ಒಂದೇ ಸಲ.

"ಅರ್ದ ಎಂಚು ಹೊದ್ಸಿರೋ ಮನೆ ಕಂಡ್ರೆ ತಡೀತಾರೆ. ಪೂರಾ ಹೊದ್ಸ್‌ಬುಟ್ರೆ, ಕೀಳಕ್ಕೆ ಯಾರೂ ಬರಾಕಿಲ್ಲ" ಎಂದ ಅಪ್ಪ. "ಒಂದೇ ದಿನದಲ್ಲಿ ಮುಗೀಬೇಕು. ಲೆಕ್ಕ ತಪ್ಪಬಾರ್ದು."

ನಾನು ಓಡಿ ಹೋಗಿ ಸ್ಲೇಟು ತಂದೆ. ಒಂದು ಹೆಂಚು ಅಡ್ಡಕ್ಕೆ ಅಪ್ಪನ ಒಂದು ಗೇಣು ಜಾಗ ಮುಚ್ಚುತ್ತದೆ, ಉದ್ದಕ್ಕೆ ಒಂದೂವರೆ ಗೇಣು ಎಂದು ಅಪ್ಪ ಹೇಳಿದ. ಹೆಂಚಿನ ಮೇಲೆ ಹೆಂಚು ಸ್ವಲ್ಪ ಹತ್ತಿ ಕೂರಬೇಕಲ್ಲ, ಆ ಭಾಗ ಬಿಟ್ಟು ಉಳಿಯುವ ಅಳತೆ ಇದು. ನಾನು ಅಪ್ಪನ ಗೇಣಿನ ಅಳತೆಗೆ ಒಂದು ಕೋಲು ಕಡಿದುಕೊಂಡೆ. ಮನೆಯ ಉದ್ದ ಅಳೆದೆ. ಎರಡೂ ಕಡೆ ಗೋಡೆಯಿಂದ ಆಚೆ ಚಾಚುವ ಸೂರು ಸೇರಿ ಇಪ್ಪತ್ತನಾಲ್ಕು ಗೇಣು. ಅಂದರೆ ಒಂದು ಸಾಲಿಗೆ ಇಪ್ಪತ್ತನಾಲ್ಕು ಹೆಂಚು. ಮನೆಯ ನಡುವಿನಿಂದ ಸೂರಿನಂಚಿನವರೆಗೆ ನೆಲದ ಮೇಲೆ ಅಳೆದೆ. ಒಂಬತ್ತೂವರೆ ಗೇಣು. ಮಿಕ್ಕಿದ ಅರ್ಧ ಗೇಣು ಬಿಟ್ಟರೆ ಒಂದು ಕಡೆಗೆ ಆರು ಸಾಲು, ಎರಡು ಕಡೆಗೆ ಹನ್ನೆರಡು ಸಾಲು. ಗುಣಿಸಿದೆ.

"ಇನ್ನೂರ ಎಂಬತ್ತೆಂಟು" ಎಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು.

ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ನೆಲಕ್ಕೆ ಚಾಪೆ ಹಾಸಿ, "ಮಲಿಕ್ಕೋ" ಎಂದ. ನಾನು ಅಂಗಾತ ಮಲಗಿದೆ. "ಮ್ಯಾಲೆ ನೋಡು. ರೀಪು ಎಣ್ಸು."

ಎಣಿಸಿದೆ. ನೆತ್ತಿಯಿಂದ ಸೂರಿನಂಚಿಗೆ ಎಂಟು ರೀಪು. ಇನ್ನೊಂದು ಕಡೆ ತಿರುಗಿ ಎಣಿಸಿದೆ. ಅಲ್ಲೂ ಎಂಟು. ನನ್ನ ಆರು ಎಂಟಾದದ್ದು ಹೇಗೆ? ಮತ್ತೆ ಎದ್ದು ನೆಲ ಅಳೆದೆ. ಅದೇ ಒಂಬತ್ತೂವರೆ ಗೇಣು. ನನಗೆ ಅಳುವೇ ಬಂತು.

"ಮಳೆ ಬೀಳಾದು ನೆಲದ ಮ್ಯಾಲೋ, ಸೂರಿನ ಮ್ಯಾಲೋ?" ಎಂದು ಅಪ್ಪ ಕೇಳಿದ. ಆಗ ಥಟ್ಟನೆ ಹೊಳೆಯಿತು. ಸೂರು ನೆಲದ ಹಾಗೆ ಮಟ್ಟಸವಾಗಿಲ್ಲ, ಓರೆಯಾಗಿ ಏರುತ್ತದೆ. ಏರುವ ದಾರಿ ಯಾವಾಗಲೂ ಉದ್ದ. ನಾನು ಅಳೆದದ್ದು ನೆಲವನ್ನು, ಹೊದಿಸಬೇಕಾಗಿದ್ದುದು ಓರೆಯನ್ನು. ನನ್ನ ಲೆಕ್ಕ ನಂಬಿ ಹೋಗಿದ್ದರೆ ಒಂದಲ್ಲ ಎರಡಲ್ಲ, ತೊಂಬತ್ತಾರು ಹೆಂಚು ಕಡಿಮೆ ತರುತ್ತಿದ್ದೆವು. ನಡುಮನೆಯ ಮೇಲೆ ಆಕಾಶ ಕಾಣುತ್ತಿತ್ತು.

ಸ್ಲೇಟು ಒರೆಸಿ ಮತ್ತೆ ಬರೆದೆ. ಇಪ್ಪತ್ತನಾಲ್ಕು, ಹದಿನಾರು ಸಾಲು. ಮುನ್ನೂರ ಎಂಬತ್ತನಾಲ್ಕು. ಅಷ್ಟರಲ್ಲಿ ಅಪ್ಪ ತನ್ನದೇ ಕ್ರಮದಲ್ಲಿ ಇಪ್ಪತ್ತಕ್ಕೊಂದು ಕಲ್ಲಿನ ಹಾಗೆ ಇಡುತ್ತಾ ಕುಳಿತಿದ್ದ. ಕಲ್ಲುಗಳನ್ನು ಅಕ್ಕ ಎಣಿಸಿದಳು. ಹತ್ತೊಂಬತ್ತು ಕಲ್ಲು, ಜೊತೆಗೆ ಬಿಡಿಯಾಗಿ ನಾಲ್ಕು ಅವರೆಕಾಳು. ಹತ್ತೊಂಬತ್ತು ಇಪ್ಪತ್ತಲಿ ಮುನ್ನೂರ ಎಂಬತ್ತು, ಮೇಲೆ ನಾಲ್ಕು. ನನ್ನ ಸ್ಲೇಟೂ ಅಪ್ಪನ ಕಲ್ಲುಗಳೂ ಒಂದೇ ಮಾತು ಹೇಳಿದವು. ಅಪ್ಪ ನನ್ನ ತಲೆ ಮೇಲೆ ಕೈಯಿಟ್ಟು ಒಮ್ಮೆ ಅದುಮಿದ. ಅಕ್ಕ ಆ ನಾಲ್ಕು ಅವರೆಕಾಳನ್ನು ಹುರಿದು ನನಗೆ ತಿನ್ನಲು ಕೊಟ್ಟಳು.

ಗಾಡಿಯ ಕುಲುಕಾಟಕ್ಕೆ ಒಡೆದರೆ ಇರಲಿ ಎಂದು ಅಪ್ಪ ಹನ್ನೆರಡು ಹೆಚ್ಚಿಗೆ ಸೇರಿಸಿದ. ನೆತ್ತಿಯ ಮೇಲೆ ಕವುಚಿ ಹಾಕುವ ದೊಡ್ಡ ಹೆಂಚು ಹದಿಮೂರು ಬೇಕಿತ್ತು, ಹದಿನಾಲ್ಕು ಎಂದು ಬರೆಸಿದ. ಮಾವನ ಗಾಡಿ ಅದಕ್ಕಿಂತ ಹೆಚ್ಚು ಹೊರುವಂತಿರಲಿಲ್ಲ.

ಆ ದಿನ ಬೆಳಗಿನ ಜಾವಕ್ಕೇ ಅಪ್ಪ, ಮಾವ, ನಾನು ಚಾಮರಾಜನಗರಕ್ಕೆ ಹೊರಟೆವು. ಸೂರ್ಯ ನೆತ್ತಿಗೆ ಬಂದಾಗ ಹುಲ್ಲು ಕೀಳಲು ಶುರು ಮಾಡಿ ಎಂದು ಅವ್ವನಿಗೂ ಅಕ್ಕನಿಗೂ ಅಪ್ಪ ಹೇಳಿದ್ದ. ನಾವು ಬರುವಷ್ಟರಲ್ಲಿ ಸೂರು ಬರಿದಾಗಿರಬೇಕು, ಬಂದ ಕೂಡಲೇ ಹೆಂಚು ಹತ್ತಬೇಕು.

ರೈಲು ನಿಲ್ದಾಣದ ಹತ್ತಿರ ಹೆಂಚಿನ ಮಂಡಿಯಿತ್ತು. ಅಷ್ಟೊಂದು ಹೆಂಚನ್ನು ನಾನು ಒಟ್ಟಿಗೆ ಎಂದೂ ನೋಡಿರಲಿಲ್ಲ. ಕೆಂಪು ಗೋಡೆಗಳ ಹಾಗೆ ಪೇರಿಸಿದ್ದರು. ಒದ್ದೆ ಮಣ್ಣಿನದಲ್ಲ, ಸುಟ್ಟ ಮಣ್ಣಿನ ಒಣ ವಾಸನೆ. ಮಂಡಿಯವನು ಎಷ್ಟು ಎಂದು ಕೇಳಿದ. ಮುನ್ನೂರ ತೊಂಬತ್ತಾರು ಎಂದ ಅಪ್ಪ.

"ಇದ್ಯಾವ ಲೆಕ್ಕ ಮಾರಾಯ? ನಾನೂರು ಅನ್ನು, ಐನೂರು ಅನ್ನು" ಎಂದು ಅವನು ನಕ್ಕ.

ನಾನು ಸ್ಲೇಟು ಮುಂದೆ ಹಿಡಿದೆ. ಆತ ಎರಡು ಸಲ ಓದಿದ. ಆಮೇಲೆ ನಗದೆ ಆಳುಗಳನ್ನು ಕರೆದ. ಅಪ್ಪ ಒಂದೊಂದು ಹೆಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಗಟ್ಟಿ ಹೆಂಚು ಟಣ್ ಎನ್ನುತ್ತದೆ, ಬಿರುಕಿದ್ದರೆ ಡಬ್ ಎನ್ನುತ್ತದೆ. ಡಬ್ ಎಂದದ್ದನ್ನು ಪಕ್ಕಕ್ಕಿಟ್ಟ. ಟಣ್ ಎಂದದ್ದನ್ನು ನಾನು ಗಟ್ಟಿಯಾಗಿ ಎಣಿಸಿದೆ. ಮಾವ ಗಾಡಿಯಲ್ಲಿ ಹುಲ್ಲು ಹಾಸಿ, ಹೆಂಚುಗಳನ್ನು ನಿಲ್ಲಿಸಿ ಜೋಡಿಸಿ, ಹಿಂದುಗಡೆ ಹಗ್ಗ ಬಿಗಿದ.

ಊರು ಹತ್ತಿರವಾದಾಗ ಮಾವ ಗಾಡಿ ನಿಧಾನಿಸಿದ. "ಬಾವ, ಕೆರೆ ಏರಿ ಮ್ಯಾಲಿಂದ ಸುತ್ಕೊಂಡು ಓಗನ. ಹೊತ್ತು ಮುಳುಗಾಗಂಟ ಕಾಯ್ಕೊಂಡು ಆಮ್ಯಾಕೆ ಓದ್ರೆ ಯಾರೂ ನೋಡಾಕಿಲ್ಲ" ಎಂದ.

"ಕದ್ದ ಮಾಲೇನ್ಲಾ ಇದು?" ಎಂದ ಅಪ್ಪ. "ಬೀದೀಲೇ ಹೊಡಿ."

ಮಾವ ಎತ್ತುಗಳ ಬೆನ್ನು ತಟ್ಟಿದ. ಭಾರಕ್ಕೆ ಗಾಡಿ ಕಿರ್ರೋ ಎನ್ನುತ್ತಿತ್ತು. ಮೇಲಿನ ಬೀದಿಯಲ್ಲಿ ಒಬ್ಬೊಬ್ಬರೇ ಬಾಗಿಲಿಗೆ ಬಂದರು. ದೊಡ್ಡ ಮನೆಯ ಯಜಮಾನರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕುಳಿತಿದ್ದರು. ಊರಿನಲ್ಲಿ ಅವರ ಮಾತೇ ಕೊನೆ. ಅವರು ಕೈಯೆತ್ತಿದ ಕೂಡಲೇ ಗಾಡಿ ನಿಂತಿತು.

"ಯಾರ ಮನೇಗಲಾ ಎಂಚು?"

ನಮ್ಮ ಬೀದಿಯವರು ಮೇಲಿನ ಬೀದಿಯವರ ಜೊತೆ ಮಾತನಾಡುವಾಗ 'ಬುದ್ಧಿ' ಎಂದು ಕರೆಯಬೇಕಿತ್ತು. "ಬಂದೆ ಬುದ್ಧಿ", "ಆಯ್ತು ಬುದ್ಧಿ" ಎಂದು, ಸೊಂಟ ಬಗ್ಗಿಸಿ. ಅಪ್ಪನೂ ಹುಟ್ಟಿದಾಗಿನಿಂದ ಹಾಗೇ ಅನ್ನುತ್ತಿದ್ದ. ನಾನು ಆ ಮಾತಿಗಾಗಿ ಕಾಯುತ್ತಾ ನಿಂತಿದ್ದೆ.

"ನಮ್ಮನೇಗೆ ಯಜಮಾನ್ರೇ" ಎಂದ ಅಪ್ಪ. ಬುದ್ಧಿ ಎನ್ನಲಿಲ್ಲ. ಬಗ್ಗಲಿಲ್ಲ.

ಯಜಮಾನರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗಿದರು.

"ಯಾರ್ನ ಕೇಳಿ ತಂದೆ?"

ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟ. "ನನ್ ಕೂಸ್ನ ಕೇಳ್ದೆ. ಲೆಕ್ಕ ಎಲ್ಲಾ ಅವ್ಳ್ದೇ."

ಯಜಮಾನರ ಮುಖ ಕಪ್ಪಾಯಿತು. ಅವರು ಏನೋ ಹೇಳುವ ಮೊದಲೇ ಅವರ ದೊಡ್ಡ ಮಗ ಜಗಲಿಯಿಂದ ಧುಮುಕಿ ಗಾಡಿಯ ಹಿಂದಕ್ಕೆ ಹೋದ. "ಎಂಥಾ ಎಂಚು ತಂದವ್ನೆ ನೋಡನ" ಎನ್ನುತ್ತಾ ಹಗ್ಗದ ಗಂಟಿಗೆ ಕೈ ಹಾಕಿ ಜಗ್ಗಿದ. ಮಾವ "ಬ್ಯಾಡಿ, ಬ್ಯಾಡಿ" ಎಂದು ಕೂಗುತ್ತಾ ಇಳಿಯುವುದರೊಳಗೆ ಹಿಂದಿನ ಸಾಲು ಜಾರಿತು. ಅದರ ಹಿಂದೆ ಇನ್ನೊಂದು ಸಾಲು. ಹೆಂಚುಗಳು ಕಲ್ಲಿನ ಮೇಲೆ ಬಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ. ಮಾವ ಎದೆಕೊಟ್ಟು ಉಳಿದವನ್ನು ತಡೆದು ನಿಂತ. ಅವನ ಮೊಣಕೈ ತರಚಿ ರಕ್ತ ಬಂತು.

ಅಪ್ಪನ ಕೈ ನನ್ನ ಭುಜದ ಮೇಲೆ ಕಲ್ಲಿನಂತಾಯಿತು. ಅವನು ಆಗ ಏನಾದರೂ ಮಾಡಿಬಿಡುತ್ತಾನೆ ಎಂದು ನಾನು ಹೆದರಿದೆ. ಅವನು ಮಾಡಿದ್ದು ಇಷ್ಟೇ. ಮಂಡಿಯೂರಿ ಕುಳಿತು, ಒಡೆಯದ ಹೆಂಚುಗಳನ್ನು ಒಂದೊಂದಾಗಿ ಎತ್ತಿ, ತಟ್ಟಿ ನೋಡಿ, ಮಾವನ ಕೈಗೆ ಕೊಟ್ಟ. ಟಣ್. ಡಬ್. ಟಣ್. ನಾನು ಒಡೆದವನ್ನು ಎಣಿಸಿದೆ. ಇಪ್ಪತ್ತೊಂದು. ನಮ್ಮ ಹೆಚ್ಚಿಗೆ ಹನ್ನೆರಡೂ ಹೋಗಿ, ಇನ್ನೂ ಒಂಬತ್ತು ಕಡಿಮೆ.

"ಇಲ್ಲೇ ಇಳ್ಸ್‌ಬುಡು" ಎಂದರು ಯಜಮಾನರು, ಈಗ ಸಮಾಧಾನದ ದನಿಯಲ್ಲಿ. "ನಮ್ ಕೊಟ್ಗೆಗೆ ಆಯ್ತದೆ. ನಿನ್ ಮನೆ ಹೆಂಗೂ ಮುಚ್ಚಾಕಿಲ್ಲ ಇನ್ನ."

ನಾನು ಆವರೆಗೆ ಆ ಬೀದಿಯಲ್ಲಿ ಬಾಯಿಬಿಟ್ಟು ಮಾತನಾಡಿದವಳೇ ಅಲ್ಲ. ಮಾತು ಹೇಗೆ ಹೊರಬಂತೋ ಗೊತ್ತಿಲ್ಲ. "ಇನ್ನೂ ಮುನ್ನೂರ ಎಪ್ಪತ್ತೈದು ಅವೆ. ಮುಚ್ಚತದೆ!" ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

"ಬಾಯಿ ನೋಡು" ಎಂದು ಯಾರೋ ಅಂದರು.

"ನಾಳಿಕಿಂದ ನಮ್ಮನೆ ಸೂರು ಹತ್ಬ್ಯಾಡ ಕಣ್ಲಾ" ಎಂದರು ಯಜಮಾನರು ಅಪ್ಪನಿಗೆ. ಅಪ್ಪ ಹಗ್ಗ ಬಿಗಿದು ಗಂಟು ಹಾಕಿ, "ಆಯ್ತು" ಎಂದ. ಅಷ್ಟೇ. ಗಾಡಿ ಹೊರಟಿತು.

ಮುಚ್ಚುತ್ತದೆ ಎಂದು ಹೇಳಿದ್ದೆನೇ ಹೊರತು ಹೇಗೆ ಎಂಬುದು ನನಗೆ ಗೊತ್ತಿರಲಿಲ್ಲ. ಗಾಡಿಯ ಹಿಂದೆ ನಡೆಯುತ್ತಾ ಮತ್ತೆ ಮತ್ತೆ ಲೆಕ್ಕ ಹಾಕಿದೆ. ನಮ್ಮ ಬೀದಿಗೆ ತಿರುಗಿದಾಗ ಮನೆ ಕಂಡಿತು. ಅವ್ವ, ಅಕ್ಕ ಹುಲ್ಲನ್ನೆಲ್ಲ ಕಿತ್ತುಹಾಕಿದ್ದರು. ಇಬ್ಬರ ಮುಖಗಳೂ ಇಲ್ಲಣದಿಂದ ಕಪ್ಪಾಗಿದ್ದವು. ಮಾಂಸವಿಲ್ಲದ ಪಕ್ಕೆಲುಬಿನಂತೆ ಜಂತೆ, ರೀಪುಗಳು ಬಿಸಿಲಿನಲ್ಲಿ ನಿಂತಿದ್ದವು. ಒಳಗಿನ ಮಡಕೆ, ಕುಡಿಕೆ, ನನ್ನ ಪುಸ್ತಕದ ಚೀಲ ಎಲ್ಲ ಆಕಾಶಕ್ಕೆ ಬಿಚ್ಚಿಕೊಂಡಿದ್ದವು. ದಕ್ಷಿಣದ ಬೆಟ್ಟದ ಮೇಲೆ ಮೋಡ ಏರುತ್ತಿತ್ತು.

ನಡೆದದ್ದನ್ನು ಕೇಳಿ ಅವ್ವ ತಲೆಯ ಮೇಲೆ ಕೈಹೊತ್ತು ಕುಳಿತಳು. ಎರಡು ಕಡೆಯೂ ಅರ್ಧ ಸಾಲು ಬಿಟ್ಟು ಹುಲ್ಲು ತುರುಕೋಣ ಎಂದ ಮಾವ. ಹುಲ್ಲು ಹೆಂಚು ಎರಡೂ ಸೇರುವ ಜಾಗದಲ್ಲಿ ನೀರು ಒಳಗೆ ಬರುತ್ತದೆ, ಆಗದು ಎಂದ ಅಪ್ಪ. ಅವರಿಬ್ಬರೂ ಮಾತನಾಡುತ್ತಿದ್ದಾಗ ನಾನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಬರೆಯುತ್ತಾ ಕುಳಿತೆ. ಸಾಲು ಹದಿನಾರು. ಅದನ್ನು ಕಡಿಮೆ ಮಾಡುವಂತಿಲ್ಲ, ಮಾಡಿದರೆ ನೆತ್ತಿಯೋ ಸೂರಿನಂಚೋ ಬರಿದಾಗುತ್ತದೆ. ಆದರೆ ಸಾಲಿನ ಉದ್ದ? ಎರಡೂ ಕಡೆ ಗೋಡೆಯಿಂದ ಆಚೆಗೆ ಒಂದೊಂದು ಗೇಣು ಚಾಚಿತ್ತಲ್ಲ. ಒಂದು ಕಡೆಯ ಗೇಣು ಬಿಟ್ಟರೆ ಪ್ರತಿ ಸಾಲಿಗೂ ಒಂದು ಹೆಂಚು ಉಳಿಯುತ್ತದೆ. ಇಪ್ಪತ್ತಮೂರು ಹದಿನಾರಲಿ ಮುನ್ನೂರ ಅರವತ್ತೆಂಟು. ಬೆರಳು ಮಡಚಿ ಇನ್ನೊಮ್ಮೆ ಕೂಡಿದೆ. ಅದೇ ಬಂತು.

"ಅಪ್ಪಾ, ಸಾಲ್ತವೆ! ಏಳು ಉಳೀತವೆ!" ಎಂದು ಕೂಗಿದೆ.

ಅಪ್ಪ ಬಂದು ಮಣ್ಣಿನ ಮೇಲಿನ ಅಂಕಿಗಳನ್ನು ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. ನಾನು ಕೈಯಿಂದ ತೋರಿಸಿ ಹೇಳಿದೆ, ಆ ತುದಿಯ ಗೇಣು ಬೇಡ ಎಂದು. ಅವನು ಗೋಡೆ ನೋಡಿದ, ಮೋಡ ನೋಡಿದ, ಗಾಳಿ ಬೀಸುವ ದಿಕ್ಕು ನೋಡಿದ. "ಮಳೆ ಹೊಡೀದೆ ಇರೋ ಕಡೆ ಬುಡನ. ಮೂಡ್ಲು ಕಡೆ" ಎಂದು ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದ.

ಹೆಂಚು ಕೆಳಗಿನಿಂದ ಮೇಲಕ್ಕೆ ದಾಟಿಸಲು ನಾವು ನಾಲ್ವರೇ. ಬೀದಿಯ ಬಾಗಿಲುಗಳೆಲ್ಲ ಅರ್ಧ ಮುಚ್ಚಿದ್ದವು. ಮೇಲಿನ ಬೀದಿಯ ಹೊಲಗಳಲ್ಲೇ ಎಲ್ಲರ ಕೂಲಿ, ಎಲ್ಲರಿಗೂ ಭಯ. ಅದು ತಪ್ಪೆಂದು ನಾನು ಈಗ ಹೇಳಲಾರೆ. ಎರಡು ಸಾಲು ಮುಗಿಯುವ ಹೊತ್ತಿಗೆ ಎದುರು ಮನೆಯ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. "ಕೊಡಮ್ಮಿ ಇತ್ತಗೆ" ಎಂದು ನನ್ನ ಕೈಯಿಂದ ಹೆಂಚು ಕಿತ್ತುಕೊಂಡು ಏಣಿಯ ಬುಡದಲ್ಲಿ ನಿಂತಳು. "ನಂದೊಂದು ಸಲ ಸುಟ್ಟೋಗದೆ, ಇನ್ನೇನು ಕಿತ್ಕತರೆ ನನ್ತಾವ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಆಮೇಲೆ ಇಬ್ಬರು ಗಂಡಸರು ಬಂದರು. ಉಳಿದವರು ಬರಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದರು.

ಅಪ್ಪನ ಕೈ ಓಡುತ್ತಿದ್ದ ವೇಗ ನೋಡಬೇಕಿತ್ತು. ಒಂದು ಹೆಂಚಿನ ಕಿವಿ ಇನ್ನೊಂದರ ಕಿವಿಗೆ ಕಚ್ಚಿ ಕೂರುವ ಟಕ್ ಟಕ್ ಸದ್ದು ನಿಲ್ಲಲೇ ಇಲ್ಲ. ಬೂದು ಬೀದಿಯ ನಡುವೆ ಕೆಂಪು ಬಣ್ಣ ಸೂರಿನಂಚಿನಿಂದ ನೆತ್ತಿಗೆ ಏರುತ್ತಾ ಹೋಯಿತು. ಯಜಮಾನರ ಮಗ ಒಮ್ಮೆ ಬೀದಿಯ ತುದಿಗೆ ಬಂದು ನಿಂತ. ಆಗ ಅಪ್ಪ ಕೊನೆಯ ಸಾಲಿನಲ್ಲಿದ್ದ. ಅಲ್ಲಿಂದ ತಲೆಯೆತ್ತಿ ಅವನನ್ನು ನೋಡಿದ. ಅಪ್ಪ ಯಾವಾಗಲೂ ಅವರ ಮನೆಯ ಮೇಲೆ ನಿಂತೇ ಅವರನ್ನು ಎತ್ತರದಿಂದ ನೋಡಿದ್ದವನು. ತನ್ನ ಸ್ವಂತ ಮನೆಯ ಮೇಲೆ ನಿಂತು ನೋಡಿದ್ದು ಅದೇ ಮೊದಲು. ಯಜಮಾನರ ಮಗ ಸ್ವಲ್ಪ ಹೊತ್ತು ನಿಂತು ಹೊರಟುಹೋದ.

ನೆತ್ತಿಯ ಹೆಂಚು ಕವುಚುವಾಗ ಮೊದಲ ಹನಿಗಳು ಬಿದ್ದವು. ಕಾದ ಹೆಂಚಿನ ಮೇಲೆ ಹನಿ ಬಿದ್ದು ಚುಸ್ ಎಂದು ಆರುತ್ತಿತ್ತು. ಸುಟ್ಟ ಮಣ್ಣು ನೆನೆದ ಘಮ ಬೀದಿಗೆಲ್ಲ ಹರಡಿತು. ಮಳೆ ಜೋರಾದಾಗ ನಾವೆಲ್ಲ ಒಳಗೆ ಸೇರಿಕೊಂಡೆವು. ಅಜ್ಜಿ ತನ್ನ ಮೇಕೆಯನ್ನೂ ಎಳೆದುಕೊಂಡು ಬಂದಳು. ಹೆಂಚಿನ ಮೇಲೆ ಮಳೆ ಬೀಳುವ ಸದ್ದನ್ನು ನಾನು ಒಳಗಿನಿಂದ ಕೇಳಿದ್ದು ಅಂದೇ ಮೊದಲು. ಹುಲ್ಲಿನ ಮನೆಯಲ್ಲಿ ಮಳೆಗೆ ಸದ್ದಿರಲಿಲ್ಲ, ನೀರು ಮಾತ್ರ ಇರುತ್ತಿತ್ತು. ಇಲ್ಲಿ ಸದ್ದಿತ್ತು, ನೀರಿರಲಿಲ್ಲ. ಅವ್ವ ಅಭ್ಯಾಸಬಲದಿಂದ ಸೋರುವ ಜಾಗಗಳಿಗೆ ಮಡಕೆ ಇಟ್ಟಿದ್ದಳು. ಅಕ್ಕ ಅವುಗಳೊಳಗೆ ಒಂದೊಂದಾಗಿ ಇಣುಕಿ ನೋಡಿ, "ಒಣಗವೆ ಕಣವ್ವ, ಎಲ್ಲಾ ಒಣಗವೆ" ಎಂದು ನಗಲಾರಂಭಿಸಿದಳು. ಮೂಡಲ ಗೋಡೆ ಒಂದೇ ಒದ್ದೆಯಾಯಿತು. ಅಪ್ಪ ಅಲ್ಲಿಗೆ ತೆಂಗಿನ ಗರಿ ಕಟ್ಟಿದ.

ಮೇಲಿನ ಬೀದಿಯವರು ಅಪ್ಪನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಆ ಮಳೆಗಾಲ ನಮಗೆ ಕಷ್ಟವೇ ಆಯಿತು. ಅವ್ವ, ಅಕ್ಕ ದೂರದ ಊರುಗಳಿಗೆ ಕಳೆ ಕೀಳಲು ಹೋದರು. ಹೊಟ್ಟೆ ತುಂಬದ ದಿನಗಳೂ ಇದ್ದವು, ಅದನ್ನು ನಾನು ಮುಚ್ಚಿಡುವುದಿಲ್ಲ. ಆಮೇಲೆ ಅಪ್ಪ ಗುಂಡ್ಲುಪೇಟೆಗೆ ಹೋಗಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಸೇರಿದ. ಬಂಡೀಪುರದ ಕಡೆ ಅರಣ್ಯದವರ ಮನೆಗಳಿಗೆ ಹೆಂಚು ಹೊದಿಸುವ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ. ಯಜಮಾನರ ಮನೆ ಮರುವರ್ಷ ಸೋರಿತಂತೆ, ಹೇಳಿಕಳುಹಿಸಿದರಂತೆ. ಅಪ್ಪ ಹೋಗಲಿಲ್ಲ. ಅವನು ಬದುಕಿರುವವರೆಗೆ ಆ ಸೂರು ಹತ್ತಲಿಲ್ಲ.

ಮಾರನೆಯ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಇನ್ನೂ ಮೂರು ಮನೆಗಳು ಕೆಂಪಾದವು. ಅದರಲ್ಲಿ ಒಂದು ಅಜ್ಜಿಯದು. ಮೂರಕ್ಕೂ ಲೆಕ್ಕ ಹಾಕಿದವಳು ನಾನೇ. ಅಜ್ಜಿ ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ತಾನೂ ಮಲಗಿ, ನಾನು ರೀಪು ಎಣಿಸಿದ್ದನ್ನೆಲ್ಲ ತಾನೂ ಒಮ್ಮೆ ಎಣಿಸಿದಳು. ಬಾಗಿಲ ಸಂದಿಯಿಂದ ನೋಡಿದ್ದವರು ಈಗ ಮನೆಯ ಮುಂದೆ ಬಂದು, "ನಮ್ದಕ್ಕೆ ಎಷ್ಟಾಯ್ತದೆ ನೋಡವ್ವ" ಎಂದು ಕೇಳುತ್ತಿದ್ದರು. ನಾನು ಎಂದೂ ಯಾರಿಗೂ ಇಲ್ಲ ಎನ್ನಲಿಲ್ಲ.

ಮಕ್ಕಳೇ, ನೀವು ಬೆಳೆಯುತ್ತಿರುವ ಚಾಮರಾಜನಗರದ ಈ ಮನೆಗೆ ಹೆಂಚೂ ಇಲ್ಲ, ಹುಲ್ಲೂ ಇಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿದೆ, ಸೋಲಾರ್ ಇದೆ. ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುವಾಗ ಇಂಜಿನಿಯರ್ ಮೊಬೈಲಿನಲ್ಲೇ ಸಿಮೆಂಟು, ಕಬ್ಬಿಣ, ಜಲ್ಲಿಯ ಲೆಕ್ಕ ತೆಗೆದರು. ಲಾರಿ ಹಗಲಿನಲ್ಲೇ ಬಂತು. ಯಾರೂ ಜಗಲಿಯಿಂದ ಕೈಯೆತ್ತಲಿಲ್ಲ. ನಿಮ್ಮ ತಲೆಯ ಮೇಲೆ ಏನಿರಬೇಕು ಎಂದು ಹೇಳುವವರು ಇಂದು ಯಾರೂ ಇಲ್ಲ ಎಂದು ನಾನು ಅಂದುಕೊಂಡಿದ್ದೆ.

ಮೊನ್ನೆ ನಿಮ್ಮಲ್ಲೇ ಒಬ್ಬಳು, ನನ್ನ ಮೊಮ್ಮಗಳು, ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿ ಬಂದಳು. ಅವಳಿಗೂ ಈಗ ಹನ್ನೊಂದೇ ವರ್ಷ. ಬಂದವಳೇ ನನ್ನ ಪಕ್ಕ ಕುಳಿತು, "ಅಜ್ಜಿ, ಅಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರು. ನನಗೊಬ್ಬಳಿಗೆ ಪೇಪರ್ ಕಪ್ಪು" ಎಂದಳು. ನೀನು ಏನು ಮಾಡಿದೆ ಎಂದು ಕೇಳಿದೆ.

"ವಾಪಸ್ ಕೊಟ್ಟೆ. ನಂಗೂ ಲೋಟದಲ್ಲೇ ಕೊಡಿ ಆಂಟಿ ಅಂದೆ."

"ಕೊಟ್ಟರಾ?"

"ಸ್ವಲ್ಪ ಹೊತ್ತು ನನ್ನೇ ನೋಡಿದರು. ಆಮೇಲೆ ಕೊಟ್ಟರು."

"ಕುಡಿದೆಯಾ?"

"ಎರಡು ಲೋಟ ಕುಡಿದೆ" ಎಂದಳು.